ತಿರುಗಿ ನೋಡುವ ಪೈಲಟ್

"ಇವರಿಗೆ ಕಣ್ಣು ಬೇಕಿತ್ತು."

ಹಾಗೆಂದು ಅವನು ಮೇಜಿನ ಮೇಲೆ ಇಟ್ಟದ್ದನ್ನು ನೋಡಿ ಅವಳ ಕೈಯಲ್ಲಿದ್ದ ಕುಂಚ ಗಾಳಿಯಲ್ಲೇ ನಿಂತಿತು.

ಅದೊಂದು ತಲೆ. ನಿಂಬೆಹಣ್ಣಿನಷ್ಟು ದೊಡ್ಡದು, ಅಷ್ಟೇ. ಚರ್ಮದ ಟೋಪಿ, ಹಣೆಯ ಮೇಲಕ್ಕೆ ಸರಿಸಿದ ದಪ್ಪ ಕನ್ನಡಕ, ನಗಲೋ ಬೇಡವೋ ಎಂದು ಯೋಚಿಸುತ್ತಿರುವಂಥ ತುಟಿ. ಕೆನ್ನೆಯ ಸುಕ್ಕನ್ನೂ ಬಿಡದೆ ಕೆತ್ತಿದ್ದರು. ಕಣ್ಣಿರಬೇಕಾದ ಕಡೆ ಮಾತ್ರ ಎರಡು ತೂತು.

ಆ ತೂತುಗಳು ಅವಳನ್ನೇ ನೋಡುತ್ತಿದ್ದ ಹಾಗಿತ್ತು.

ಕಣ್ಣಾಸ್ಪತ್ರೆಯ ಹಿಂಭಾಗದಲ್ಲಿ, ಲಿಫ್ಟಿನ ಪಕ್ಕ ಒಂದು ಸಣ್ಣ ಕೋಣೆ. ಅಪಘಾತದಲ್ಲೋ ಕಾಯಿಲೆಯಲ್ಲೋ ಕಣ್ಣು ಕಳೆದುಕೊಂಡವರಿಗೆ ಕೃತಕ ಕಣ್ಣು ಮಾಡಿಕೊಡುವುದು ಅಲ್ಲಿ ಅವಳ ಕೆಲಸ. ಬಿಳಿಗುಡ್ಡೆಯ ಮೇಲೆ ಪಾಪೆಯ ಬಣ್ಣ ಬರೆದು, ಕೂದಲಿಗಿಂತ ತೆಳುವಾದ ಕೆಂಪು ರೇಷ್ಮೆ ಎಳೆಗಳನ್ನು ನರಗಳ ಹಾಗೆ ಅಂಟಿಸುತ್ತಿದ್ದಳು. ಆಸ್ಪತ್ರೆಯವರಿಗೆಲ್ಲ ಅವಳು ಕಣ್ಣಮ್ಮ. ಅವಳ ಮೇಜಿನ ಗೂಡುಗಳ ತುಂಬ ಕಣ್ಣು. ಕಸ ಗುಡಿಸುವವಳು ಒಬ್ಬಳೇ ಇದ್ದರೆ ಆ ಕೋಣೆಗೆ ಕಾಲಿಡುತ್ತಿರಲಿಲ್ಲ.

ಬಂದವನು ಲಿಫ್ಟ್ ಮೆಕ್ಯಾನಿಕ್. ಕೆಟ್ಟಿದ್ದ ಲಿಫ್ಟನ್ನು ಸರಿಮಾಡಿ, ತೋಳಿನ ಗ್ರೀಸನ್ನೂ ಒರೆಸಿಕೊಳ್ಳದೆ ಬಾಗಿಲಲ್ಲಿ ನಿಂತಿದ್ದ. ತಡವರಿಸುತ್ತಾ ಕಥೆ ಹೇಳಿದ. ಅವನೂ ಅವನ ಅಪ್ಪನೂ ಸೇರಿ ಹಳೆಯ ಕಾಲದ ಒಂದು ಯುದ್ಧವಿಮಾನದ ಮಾದರಿ ಕಟ್ಟಿದ್ದರಂತೆ. ರೇಡಿಯೊ ರಿಮೋಟಿನಿಂದ ನಿಜವಾಗಿಯೂ ಹಾರುವಂಥದ್ದು, ರೆಕ್ಕೆಯ ಈ ತುದಿಯಿಂದ ಆ ತುದಿಗೆ ಆಳಿಗಿಂತ ಉದ್ದ. ಒಳಗೆ ಕೂರುವ ಪೈಲಟ್‌ಗೆ ಅಪ್ಪ ಕನ್ನಡಿ ಎದುರು ಕೂತು ತಮ್ಮ ಮುಖವನ್ನೇ ಕೆತ್ತಿದ್ದರು. ಕಣ್ಣು ಕೊನೆಗೆ ಎಂದಿದ್ದರು. ಅಷ್ಟರಲ್ಲಿ ಅವರೇ ಕಣ್ಣು ಮುಚ್ಚಿದರು.

ಅವಳು ಎಲ್ಲರನ್ನೂ ಕೇಳುವಂತೆ ಕೇಳಿದಳು. "ಯಾವ ಬಣ್ಣ?"

ಅವನು ಆ ಎರಡು ತೂತುಗಳ ಮೇಲೆ ಬೆರಳಾಡಿಸಿದ.

"ಅದೇ ಜ್ಞಾಪಕಕ್ಕೆ ಬರ್ತಿಲ್ಲ. ದಿನಾ ನೋಡಿದ ಕಣ್ಣು... ಕಪ್ಪೋ, ಕಂದೋ... ಅಕ್ಕನ್ನ ಕೇಳಿದ್ರೆ ಅವಳು ಅತ್ತಳೇ ಹೊರತು ಹೇಳಲಿಲ್ಲ."

ಅಪ್ಪನ ಕಣ್ಣಿನ ಬಣ್ಣ ಮರೆತ ಮಗ! ಅದನ್ನು ಹೇಳುವಾಗ ಅವನ ಮುಖ ಕುಗ್ಗಿದ್ದು ನೋಡಿ ಅವಳ ಮನಸ್ಸು ಚುಳ್ಳೆಂದಿತು.

"ಇಲ್ಲಿ ಕೂತ್ಕೊಳ್ಳಿ," ಎಂದಳು. "ನಿಮ್ಮದನ್ನೇ ನೋಡಿ ಬರೀತೀನಿ. ಅಪ್ಪಂದು ಮಗನಿಗೆ ಒಂಚೂರಾದ್ರೂ ಬಂದಿರುತ್ತೆ. ರೆಪ್ಪೆ ಬಡೀಬೇಡಿ."

ದೀಪವನ್ನು ಇಬ್ಬರ ನಡುವೆ ಎಳೆದುಕೊಂಡಳು. ಅಕ್ಕಸಾಲಿ ಚಿನ್ನ ನೋಡುವ ಹಾಗೆ ಅವಳು ಕಣ್ಣು ನೋಡುತ್ತಿದ್ದಳು, ಬಣ್ಣ, ಅಂಚು, ಎಳೆ, ಅಷ್ಟೇ. ಹಿಂದೆ ಇರುವ ಮನುಷ್ಯ ಅವಳಿಗೆ ಕಾಣುತ್ತಲೇ ಇರಲಿಲ್ಲ. ಅವತ್ತು ಸಂಜೆ ಮಾತ್ರ ಏನೋ ತಪ್ಪಿತು. ಕಡುಗಂದು, ಅಂಚಿಗೆ ಜೇನಿನ ಛಾಯೆ... ಎಂದು ಬರೆಯುತ್ತಾ ಬರೆಯುತ್ತಾ ಅವಳಿಗೆ ಅರಿವಾಯಿತು. ಆ ಕಣ್ಣು ವಾಪಸ್ಸು ನೋಡುತ್ತಿತ್ತು.

ಅವಳು ದೀಪವನ್ನು ಪಕ್ಕಕ್ಕೆ ತಳ್ಳಿ, ಆಯಿತು, ಮುಂದಿನ ವಾರ ಬನ್ನಿ ಎಂದುಬಿಟ್ಟಳು.

ಅವನು ಹೋದ ಮೇಲೆ ಗೋಡೆಯ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡಳು. ಏನೂ ಗೊತ್ತಾಗುವ ಹಾಗಿರಲಿಲ್ಲ. ಗೊತ್ತಾಗದಂತೆ ಮಾಡುವುದೇ ಅವಳ ಕಸುಬು.

ಅವಳ ಎಡಗಣ್ಣು ಅವಳೇ ಮಾಡಿಕೊಂಡದ್ದು.

ಚಿಕ್ಕಂದಿನಲ್ಲಿ ಒಡೆದ ಬಾಟಲಿಯ ಚೂರು ಸಿಡಿದು ಹೋದ ಕಣ್ಣು. ಅಮ್ಮನಿಗೆ, ಆಸ್ಪತ್ರೆಯ ದೊಡ್ಡ ಡಾಕ್ಟರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಹಿಂದೆ ಇನ್ನೊಬ್ಬನಿಗೆ ಗೊತ್ತಿತ್ತು. ಮದುವೆಯಾಗುತ್ತೇನೆ ಎಂದವನು. ಅವಳಾಗಿಯೇ ಹೇಳಿದ್ದಳು. ಅವನು ಜಗಳವಾಡಲಿಲ್ಲ, ಬಿಟ್ಟುಹೋಗುತ್ತೇನೆ ಎಂದೂ ಹೇಳಲಿಲ್ಲ. ಅವತ್ತಿನಿಂದ ಅವಳ ಮುಖ ನೋಡಿ ಮಾತಾಡುವುದನ್ನು ಮಾತ್ರ ನಿಲ್ಲಿಸಿದ. ಕಿವಿಯ ಕಡೆ ನೋಡಿ ಮಾತಾಡುತ್ತಿದ್ದ. ಕೊನೆಗೆ ಅವಳೇ ಬೇಡವೆಂದಳು.

ಇನ್ನೊಬ್ಬರು ಹಾಗೆ ಮುಖ ತಪ್ಪಿಸುವುದನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ. 'ಈ ಲಿಫ್ಟಿನವನಿಗೆ ಗೊತ್ತಾಗಬಾರದು,' ಎಂದುಕೊಂಡಳು. ಯಾಕೆ ಅವನಿಗೇ ಗೊತ್ತಾಗಬಾರದು ಎಂದು ಮಾತ್ರ ಕೇಳಿಕೊಳ್ಳಲಿಲ್ಲ...

*

ಮೆಣಸಿನ ಕಾಳಿನಷ್ಟು ಸಣ್ಣ ಕಣ್ಣುಗಳು. ಕೂರಿಸಲು ಅವಳೇ ಹೋಗಬೇಕಾಯಿತು. ರಜೆಯ ದಿನ ಮಧ್ಯಾಹ್ನ ಅವನ ಮನೆಯ ಕೆಳಗಿನ ಶೆಡ್ಡಿಗೆ ಹೋದಳು. ಪೆಟ್ರೋಲು, ಅಂಟು, ಮರದ ಪುಡಿಯ ವಾಸನೆ. ನಡುವೆ ಕಟ್ಟಿಗೆಯ ತೊಟ್ಟಿಲಿನಂಥ ಚೌಕಟ್ಟಿನಲ್ಲಿ ವಿಮಾನ ಕುಳಿತಿತ್ತು, ಮೂತಿ ಬಾಗಿಲಿನ ಕಡೆ, ಬಾಲ ಅವನು ನಿಂತು ಕೆಲಸ ಮಾಡುವ ಬೆಂಚಿನ ಕಡೆ. ಮಾಸಲು ಹಸಿರು ಬಣ್ಣ, ರೆಕ್ಕೆಯಲ್ಲಿ ಗುಂಡು ತಾಗಿದಂತೆ ಬರೆದ ಕಲೆಗಳು. ಆಟಿಕೆ ಅನ್ನಿಸಲಿಲ್ಲ. ಎಲ್ಲಿಂದಲೋ ಬಂದು ದಣಿದು ಕೂತಂತಿತ್ತು.

ಚಿಮುಟದಲ್ಲಿ ಎರಡನೆಯ ಕಣ್ಣು ಕೂರಿಸಿ ಅವಳು ಕೈ ತೆಗೆದಾಗ, ಕಾಫಿ ತಂದಿದ್ದ ಅವನ ಅಕ್ಕ ಅಲ್ಲೇ ನಿಂತುಬಿಟ್ಟಳು.

"ಅಪ್ಪನೇ," ಎಂದಳು ಅಕ್ಕ. ಮುಂಗೈಯಲ್ಲಿ ಕಣ್ಣೊರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಇನ್ನು ಎಂಟು ಗಂಟೆಗೆ ಏಳುವ ಹಾಗಿಲ್ಲ, ಬೈಯೋಕೆ ಅಪ್ಪ ವಾಪಸ್ಸು ಬಂದಾಯಿತು ಎಂದು ತಮ್ಮನನ್ನು ಚುಚ್ಚಿ ಮೇಲೆ ಹೋದಳು.

ಅವನು ಅವಳಿಗೆ ಎಲ್ಲ ತೋರಿಸಿದ. ರೆಕ್ಕೆಯ ಕೆಳಗೆ ಎರಡೂ ಕಡೆ ಬೆರಳು ಕೊಟ್ಟು ಎತ್ತಿ, ಮೂತಿ ತುಸುವೇ ಬಾಗಿದರೆ ತೂಕ ಸರಿ ಎಂದ. ರಿಮೋಟಿನ ಎಡಗಡೆಯ ಕಡ್ಡಿ ತಳ್ಳಿದರೆ ಬಾಲದ ರಡ್ಡರ್, ಅಂದರೆ ದಿಕ್ಕು ಬದಲಿಸುವ ಹಲಗೆ, ತಿರುಗುತ್ತದೆ. ರಡ್ಡರಿನಿಂದ ಒಂದು ಸಣ್ಣ ತಂತಿ ಪೈಲಟ್‌ನ ಕತ್ತಿಗೆ ಹೋಗಿದೆ. ವಿಮಾನ ಎಡಕ್ಕೆ ತಿರುಗಿದರೆ ತಲೆಯೂ ಎಡಕ್ಕೆ. ತಿರುಗುವ ಕಡೆ ನೋಡದೆ ಕೂರುವವನು ಎಂಥ ಪೈಲಟ್ ಎನ್ನುವುದು ಅಪ್ಪನ ವಾದವಂತೆ.

ಆಮೇಲೆ ಅವನು ರಿಮೋಟ್ ಹಿಡಿದು ಬೆಂಚಿನ ಹತ್ತಿರ ನಿಂತು, ಚಕ್ರಗಳು ಸರಿಯಾಗಿ ಮಡಚಿಕೊಳ್ಳುತ್ತವೆಯೇ ಎಂದು ಒಂದೊಂದಾಗಿ ನೋಡತೊಡಗಿದ. ಅವಳು ಎಡಗಡೆಯ ನಲ್ಲಿಗೆ ಹೋಗಿ ಕುಂಚ ತೊಳೆದಳು.

ಜುಯ್.

ಸೊಳ್ಳೆಯ ದನಿಯಷ್ಟೇ. ತಿರುಗಿದಳು. ಪೈಲಟ್‌ನ ತಲೆ ಎಡಕ್ಕೆ ಹೊರಳಿತ್ತು. ಅವಳನ್ನು ನೋಡುತ್ತಿತ್ತು.

ಚೀಲ ಬಲಗಡೆಯ ಕುರ್ಚಿಯ ಮೇಲಿತ್ತು. ಅಲ್ಲಿಗೆ ನಡೆದಳು. ಜುಯ್... ತಲೆ ಬಲಕ್ಕೆ ಬಂತು.

ನೀವೇನಾದರೂ ಮಾಡಿದಿರಾ ಎಂದು ಕೇಳಿದಳು. ಇಲ್ಲ, ಚಕ್ರದ್ದು ಬೇರೆ ಸ್ವಿಚ್ಚು ಎಂದ. ಬಾಲ ತಾನಾಗಿ ತಿರುಗಿದ್ದನ್ನು ಅವನೂ ನೋಡಿದ್ದ. ಮುಖ ಬಿಳಿಚಿಕೊಂಡಿತ್ತು. ನೆಲದ ಮೇಲೆ ಓಡುವಾಗ ಹೀಗೆ ತಾನಾಗಿ ತಿರುಗಿದರೆ ಯಾರ ಮೈಮೇಲಾದರೂ ನುಗ್ಗುತ್ತದೆ. ಏನೆಂದು ಗೊತ್ತಾಗುವ ತನಕ ಇದನ್ನು ಹಾರಿಸುವುದಿಲ್ಲ ಎಂದ.

ಮುಂದಿನ ರಜೆಗೂ ಅವಳು ಹೋದಳು. ಅಂಟು ಹಿಡಿದಿದೆಯೋ ನೋಡಬೇಕು ಎಂಬ ನೆಪ. ಅದರ ಮುಂದಿನ ಸಲ ನೆಪವೂ ಇರಲಿಲ್ಲ. ಅಷ್ಟರಲ್ಲಿ ಅವನು ಬಾಲದ ಮೋಟಾರು ಬದಲಾಯಿಸಿದ್ದ, ಸಿಗ್ನಲ್ ಹಿಡಿಯುವ ಪೆಟ್ಟಿಗೆ ಬದಲಾಯಿಸಿದ್ದ, ತಂತಿಗಳನ್ನೆಲ್ಲ ಕಿತ್ತು ಹೊಸದಾಗಿ ಎಳೆದಿದ್ದ. ಒಬ್ಬನೇ ಇದ್ದಾಗ ಎಷ್ಟು ಹೊತ್ತು ಕಾದರೂ ಅದು ಅಲುಗುವುದಿಲ್ಲವಂತೆ.

ಅವಳು ಒಳಗೆ ಕಾಲಿಟ್ಟರೆ ಸಾಕು, ಜುಯ್.

ಒಮ್ಮೆ ಬಿದ್ದ ಸ್ಕ್ರೂ ಹುಡುಕಲು ರೆಕ್ಕೆಯ ಕೆಳಗೆ ಬಗ್ಗಿ ಕೂತಳು. ಮೇಲೆ ಸದ್ದು ಶುರುವಾಯಿತು. ಕತ್ತು ಎತ್ತಿ ನೋಡಿದರೆ... ತಲೆ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಜಾತ್ರೆಯಲ್ಲಿ ಮಗು ಕಳೆದುಕೊಂಡವರ ಹಾಗೆ. ಅವಳು ಎದ್ದು ನಿಂತಳು. ಅದರ ನೋಟ ಅವಳ ಮೇಲೆ ನಿಂತು, ಸದ್ದು ಅಡಗಿತು.

ಮನೆಗೆ ಹೋದರೂ ಬೆನ್ನ ಮೇಲೆ ಆ ನೋಟ ಇದ್ದಂತಿತ್ತು. ತರಕಾರಿ ಹೆಚ್ಚುವಾಗ, ಬಟ್ಟೆ ಮಡಚುವಾಗ, ಯಾರೋ ಕರೆದಂತೆ ತಿರುಗುತ್ತಿದ್ದಳು. ಏನಾಗಿದೆ ನಿನಗೆ, ಕತ್ತು ಉಳುಕಿದೆಯಾ ಎಂದು ಅಮ್ಮ ಕೇಳಿದರು.

ಸಿಗ್ನಲ್ ದೂರಕ್ಕೆ ತಲುಪುತ್ತದೆಯೋ ನೋಡಲು ಒಂದು ಸಂಜೆ ಮೈದಾನಕ್ಕೆ ಹೋದರು. ವಿಮಾನವನ್ನು ಗೂಟಕ್ಕೆ ಕಟ್ಟಿ, ಅವಳನ್ನು ಪಕ್ಕದಲ್ಲಿ ನಿಲ್ಲಿಸಿ, ಏನಾದರೂ ವಿಚಿತ್ರ ಕಂಡರೆ ಕೈ ಎತ್ತಿ ಎಂದ. ರಿಮೋಟ್ ಹಿಡಿದು ಬಾಲದ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಹಾಕುತ್ತಾ ಬೆಂಕಿಕಡ್ಡಿಯಷ್ಟಾದ.

ಸುತ್ತ ಯಾರೂ ಇಲ್ಲ. ಹುಲ್ಲು ಮಾತ್ರ. ಅವಳು ಒಂದು ಹೆಜ್ಜೆ ಎಡಕ್ಕಿಟ್ಟಳು.

ಪೈಲಟ್‌ನ ತಲೆ ತಿರುಗಿತು.

ಬಲಕ್ಕೆ ಹೋದಳು. ಅದೂ ಬಂತು. ಮೈಯ ರೋಮವೆಲ್ಲ ಎದ್ದು ನಿಂತಿತು. ಕೈ ಎತ್ತಬೇಕಿತ್ತು. ಎತ್ತಲಿಲ್ಲ. ಗಾಜಿನ ಮುಚ್ಚಳದ ಹತ್ತಿರ ಬಗ್ಗಿ ಕೇಳಿದಳು.

"ಯಾಕೆ ನನ್ನೇ ನೋಡ್ತೀರಿ?"

ಅವಳೇ ಬರೆದ ಕಣ್ಣು. ಕಾಣದ ಕಣ್ಣು. ಆದರೂ ಎಷ್ಟು ವರ್ಷದ ಮೇಲೆ ಯಾರೋ ತನ್ನ ಮುಖದಿಂದ ನೋಟ ತೆಗೆಯದೆ ಇದ್ದಾರೆ... ಅವಳಿಗೆ ಹೆದರಿಕೆಯಾಗಿತ್ತು, ನಿಜ. ಅದರ ಜೊತೆಗೆ ಹಿತವೂ ಆಗಿತ್ತು. ಆ ಹಿತಕ್ಕೇ ಅವಳು ಹೆಚ್ಚು ಹೆದರಿದಳು.

ರೆಕ್ಕೆ ಕಳಚಿ ಕಾರಿನಲ್ಲಿಟ್ಟುಕೊಂಡು ವಾಪಸ್ಸಾಗುವಾಗ ಅವನು, ಹೊಸಬರು ವಿಮಾನ ಬೀಳಿಸುವುದು ಯಾಕೆ ಗೊತ್ತಾ ಎಂದು ವಿವರಿಸಿದ. ವಿಮಾನ ನಮ್ಮಿಂದ ದೂರ ಹೋಗುತ್ತಿರುವಾಗ ನಮ್ಮ ಎಡವೇ ಅದರ ಎಡ. ನಮ್ಮ ಕಡೆಗೆ ಬರತೊಡಗಿದರೆ ನಮ್ಮ ಎಡ ಅದರ ಬಲ. ಬೆರಳು ಅದನ್ನು ಮರೆತುಬಿಡುತ್ತದೆ. ಅವಳು ಹೂಂಗುಟ್ಟಿದಳು. ಮನಸ್ಸು ಹಿಂದಿನ ಸೀಟಿನಲ್ಲಿದ್ದ ತಲೆಯ ಮೇಲಿತ್ತು.

*

ಆ ವಾರ ಶೆಡ್ಡಿನಲ್ಲಿ ವಿಮಾನ ತಿರುವುಮುರುವಾಗಿತ್ತು. ಎಂಜಿನ್ ಬಿಚ್ಚಲು ಅನುಕೂಲವಾಗಲಿ ಎಂದು ಮೂತಿಯನ್ನು ಬೆಂಚಿನ ಕಡೆ ಇಟ್ಟಿದ್ದ.

ಅವಳು ಒಳಗೆ ಬಂದಳು. ಜುಯ್.

ತಲೆ ಆಚೆಗೆ ತಿರುಗಿತು.

ತಪ್ಪು ಕಂಡಿತೇನೋ ಎಂದು ಇನ್ನೊಂದು ಕಡೆಗೆ ನಡೆದಳು. ತಲೆ ನಿಧಾನವಾಗಿ ಈ ಕಡೆ ಬಂದು, ಅವಳನ್ನು ದಾಟಿ, ಮತ್ತೆ ಆಚೆಗೆ. ಅವಳು ಹೋದ ಕಡೆಯೆಲ್ಲ ಅದು ಮುಖ ತಪ್ಪಿಸುತ್ತಿತ್ತು.

'ಗೊತ್ತಾಯ್ತು. ಇದಕ್ಕೂ ಗೊತ್ತಾಯ್ತು...' ಎಷ್ಟೋ ವರ್ಷದ ಹಿಂದೆ ತನ್ನ ಕಿವಿಯನ್ನು ನೋಡುತ್ತಾ ಮಾತಾಡಿದವನ ಮುಖ ಕಣ್ಣ ಮುಂದೆ ಬಂತು. ಅಳು ಒತ್ತರಿಸಿ ಬಂತು. ಸತ್ತವರಿಗೂ ನಾನು ಬೇಡವಾದೆನೇ?

ಅಳು ನುಂಗಿಕೊಂಡು ನಿಂತಿದ್ದಾಗ ಅವನ ಆವತ್ತಿನ ಮಾತು ನೆನಪಾಯಿತು. ಮೂತಿ ನಮ್ಮ ಕಡೆಗಿದ್ದರೆ ನಮ್ಮ ಎಡ ಅದರ ಬಲ.

ಅವಳು ಮೆಲ್ಲನೆ ತಲೆ ಎತ್ತಿದಳು. ನೋಡಬೇಕು ಎನ್ನುವ ಆತ್ಮಕ್ಕೆ ಮೂತಿ ಎತ್ತ ಇದ್ದರೇನು? ಈ ತಪ್ಪು ಆ ಬೆಂಚಿನ ಹತ್ತಿರ ನಿಂತ ಬೆರಳಿನದು.

ಅವನ ಕೈ ನೋಡಿದಳು. ಹಾರಿಸುವವರೆಲ್ಲರ ಹಾಗೆ ಅವನ ಹೆಬ್ಬೆರಳು ಸದಾ ರಿಮೋಟಿನ ಕಡ್ಡಿಯ ಮೇಲೆಯೇ. ಅವಳು ಒಂದು ಹೆಜ್ಜೆ ಸರಿದಳು. ಹೆಬ್ಬೆರಳು ಅಕ್ಕಿಕಾಳಿನಷ್ಟು ಸರಿಯಿತು. ಇನ್ನೊಂದು ಹೆಜ್ಜೆ ಹಿಂದಕ್ಕಿಟ್ಟಳು. ಬೆರಳೂ ಹಿಂದಕ್ಕೆ ಬಂತು.

"ಇಷ್ಟು ದಿನ ನೀವೇ ಆಡಿಸ್ತಿದ್ರಾ?"

ಅವನಿಗೆ ತಲೆಬುಡ ತಿಳಿಯಲಿಲ್ಲ. "ಏನನ್ನ?"

"ಪಕ್ಕಕ್ಕೆ ನೋಡ್ಬೇಕಂದ್ರೆ ನಾನು ಇಡೀ ತಲೆ ತಿರುಗಿಸ್ತೀನಿ. ಅದನ್ನ ಕಂಡುಹಿಡಿದು, ನಿಮ್ಮಪ್ಪನ ಕೈಲಿ ಅಣಕಿಸಿ ತೋರಿಸಿದ್ರಿ. ಚೆನ್ನಾಗಿತ್ತು ಆಟ."

ಅವನು ತನ್ನ ಕೈಯನ್ನೇ ಬೇರೆಯವರ ಕೈಯೆಂಬಂತೆ ನೋಡಿಕೊಳ್ಳುತ್ತಿದ್ದ. ಅವನ ಬಾಯಿಂದ ಮಾತು ಹೊರಡುವ ಮೊದಲೇ ಅವಳು ಹೊರಟುಹೋಗಿದ್ದಳು.

*

ಅವನ ಫೋನು ಬಂದರೆ ಎತ್ತಲಿಲ್ಲ. ಕೋಣೆಯ ಬಾಗಿಲು ಮುಚ್ಚಿಕೊಂಡು ಕೆಲಸ ಮಾಡಿದಳು. ಗೂಡಿನ ಕಣ್ಣುಗಳೆಲ್ಲ ಎಂದಿನಂತೆ ಎಲ್ಲೂ ನೋಡದೆ ಬಿದ್ದಿದ್ದವು. ಮೊದಲು ಅದು ನೆಮ್ಮದಿ ಕೊಡುತ್ತಿತ್ತು. ಈಗ ಆ ಕೋಣೆಯಲ್ಲಿ ಕೂರಲು ಅವಳಿಗೇ ಮೈ ನಡುಗುತ್ತಿತ್ತು.

ಒಂದು ಮಧ್ಯಾಹ್ನ ಅಕ್ಕ ತಮ್ಮನನ್ನು ಹೆಚ್ಚುಕಡಿಮೆ ದಬ್ಬಿಕೊಂಡೇ ಬಂದಳು.

"ನೀನೇ ಹೇಳ್ತೀಯೋ ನಾನು ಹೇಳ್ಲೋ?" ಎಂದು ಕೇಳಿ, ಅವನು ಬಾಯಿ ತೆರೆಯುವಷ್ಟರಲ್ಲಿ ತಾನೇ ಶುರುಮಾಡಿದಳು. "ನೋಡಮ್ಮ, ಇವನು ರಿಮೋಟ್ ಹಿಡ್ಕೊಂಡು ನನ್ನನ್ನ ಶೆಡ್ಡಿನ ತುಂಬ ಓಡಾಡಿಸಿದ. ಗುಡಿಸಿದೆ, ಒರೆಸಿದೆ, ಸುತ್ತು ಹಾಕಿದೆ. ಹೆತ್ತಪ್ಪ, ನಾನು ಸ್ವಂತ ಮಗಳು. ಕತ್ತು ಇಷ್ಟೂ ಅಲ್ಲಾಡಲಿಲ್ಲ. ಇದಕ್ಕಿಂತ ಸಾಕ್ಷಿ ಬೇಕಾ?"

ಅಷ್ಟು ಹೇಳಿ ಅಕ್ಕ ಲಿಫ್ಟಿನ ಹತ್ತಿರ ಹೋಗಿ ಕೂತಳು.

ಅವನು ನಿಂತೇ ಇದ್ದ. "ನಂಗೆ ನಿಜವಾಗ್ಲೂ ಗೊತ್ತಿರಲಿಲ್ಲ. ಬೆರಳಿಗೆ ಗೊತ್ತಿತ್ತು. ನೀವು ಎಲ್ಲಿ ಹೋದ್ರೆ ಅಲ್ಲಿಗೆ... ನಾನು ಮೋಟಾರು ಬದಲಾಯಿಸ್ತಾ ಕೂತಿದ್ದೆ."

ಇಲ್ಲಿಗೆ ನಿಲ್ಲಿಸಬಹುದಿತ್ತು. ಈ ಮಾತನ್ನೇ ಗಂಟು ಕಟ್ಟಿಕೊಂಡು ಸುಖವಾಗಿರಬಹುದಿತ್ತು. ಆದರೆ ಕಣ್ಣಿನ ವಿಷಯ ಗೊತ್ತಿಲ್ಲದವನ ನೋಟವನ್ನು ನಂಬಿ ಎಷ್ಟು ದಿನ?

"ನನ್ನ ಎಡಗಣ್ಣು ನಿಜದ್ದಲ್ಲ," ಎಂದಳು. ಹೇಳಿ, ಅವನ ನೋಟ ಕಿವಿಯ ಕಡೆ ಜಾರುವುದನ್ನು ಕಾಯುತ್ತಾ ನಿಂತಳು.

ಜಾರಲಿಲ್ಲ.

"ಗೊತ್ತು," ಎಂದ.

"...ಯಾವಾಗಿಂದ?"

"ಮೊದಲ ದಿನದಿಂದ. ನೀವು ದೀಪ ಹತ್ತಿರ ಎಳ್ಕೊಂಡ್ರಲ್ಲ, ಆಗ ಒಂದು ಪಾಪೆ ಚಿಕ್ಕದಾಯ್ತು. ಇನ್ನೊಂದು ಹಾಗೇ ಇತ್ತು. ಇಷ್ಟು ಚೆನ್ನಾಗಿ ಮಾಡೋರು ಅಪ್ಪನಿಗೆ ಮೋಸ ಮಾಡಲ್ಲ ಅನ್ನಿಸ್ತು." ಸ್ವಲ್ಪ ತಡೆದು ಸೇರಿಸಿದ. "ಆಮೇಲೆ ಆ ವಿಷಯ ಮರೆತೇಹೋಯ್ತು. ನೀವು ಬಾಗಿಲು ಹಾಕ್ಕೊಂಡ ಮೇಲೆ, ನೋಡದೆ ಇರೋದು ಹೇಗೆ ಅನ್ನೋದೊಂದೇ ಕಷ್ಟವಾಗಿದ್ದು."

ಹೊರಗಿನಿಂದ ಅಕ್ಕನ ಕೆಮ್ಮು ಕೇಳಿಸಿತು.

"ವಿಮಾನ ಯಾವಾಗ ಹಾರಿಸ್ತೀರಿ?" ಎಂದು ಕೇಳಿದಳು ಕೊನೆಗೆ.

*

ಬೆಳಗಿನ ಮಂಜು ಇನ್ನೂ ಹುಲ್ಲಿನ ಮೇಲಿತ್ತು. ಮೈದಾನದಲ್ಲಿ ಅವರಿಬ್ಬರೇ.

ನೆಲದ ಮೇಲೆ ಓಡುವಾಗಲೇ ಅಪಾಯ ಎಂದು ಅವನು ಹೇಳಿದ್ದ. ಎಂಜಿನ್ ಜೋರಾದರೆ ವಿಮಾನ ಪಕ್ಕಕ್ಕೆ ಎಳೆಯುತ್ತದೆ, ಅದನ್ನು ನೇರ ಇಡುವುದು ಇದೇ ಎಡ ಹೆಬ್ಬೆರಳು. ಈಗ ಆ ಬೆರಳಿಗೆ ಅವನ ಮಾತಿಗಿಂತ ಅವಳ ಹೆಜ್ಜೆಯ ಮೇಲೆ ನಿಗಾ ಹೆಚ್ಚು. ಹಾಗಾದರೆ ನಿಮ್ಮ ಹಿಂದೆ ನಿಲ್ಲುತ್ತೇನೆ ಎಂದಳು. ಬೇಡ, ಎಲ್ಲಿದ್ದೀರಿ ಎಂದು ಹುಡುಕುತ್ತದೆ ಎಂದ. ಅವನು ತಮಾಷೆ ಮಾಡುತ್ತಿರಲಿಲ್ಲ.

ಅವಳು ಅವನ ಪಕ್ಕಕ್ಕೆ ಬಂದು ಮೊಣಕೈಯ ಹತ್ತಿರ ಅಂಗಿ ಹಿಡಿದುಕೊಂಡಳು.

"ಇಲ್ಲೇ ಇದ್ದೀನಿ. ಈಗ ಅದನ್ನ ನೋಡಿ."

ಎಂಜಿನ್ ಗುಡುಗಿತು. ಮಂಜನ್ನು ಹಿಂದಕ್ಕೆ ಚಿಮ್ಮುತ್ತಾ ವಿಮಾನ ಓಡಿತು, ಬಾಲ ಎತ್ತಿತು, ತುಸು ಅಲುಗಿತು... ಅವಳ ಹಿಡಿತ ಬಿಗಿಯಾಯಿತು. ಬೆರಳು ನೇರ ನಿಂತಿತು. ವಿಮಾನ ನೆಲ ಬಿಟ್ಟಿತು. ಚಕ್ರಗಳು ಹಕ್ಕಿಯ ಕಾಲಿನಂತೆ ಹೊಟ್ಟೆಯೊಳಗೆ ಸೇರಿದವು.

ಆಕಾಶದಲ್ಲಿ ಅದರ ಗಾತ್ರ ಹೇಳಲು ಏನೂ ಇರಲಿಲ್ಲ. ನಿಜದ ವಿಮಾನ ದೂರದಲ್ಲಿದ್ದಂತೆಯೇ ಕಂಡಿತು. ಒಂದು ಸುತ್ತು ಹೊಡೆದು ತಗ್ಗಿ, ಅವರ ಮುಂದೆಯೇ ಹಾದುಹೋಯಿತು. ಗಾಜಿನೊಳಗೆ ಬೆಳಕು ಬಿದ್ದ ಆ ಒಂದು ಕ್ಷಣ ಅವಳು ಕಂಡದ್ದು ಗೊಂಬೆಯನ್ನಲ್ಲ. ಕೆಲಸದ ಮೇಲೆ ಹೊರಟಿದ್ದ ಒಬ್ಬ ಮನುಷ್ಯನನ್ನು. ಅವನು ಯಾರನ್ನೂ ನೋಡುತ್ತಿರಲಿಲ್ಲ. ಮುಂದಿನ ದಾರಿ ನೋಡುತ್ತಿದ್ದ.

ಪಕ್ಕದಲ್ಲಿ ನಿಂತವನ ಕೆನ್ನೆ ಒದ್ದೆಯಾಗಿತ್ತು. ಅಪ್ಪನ ಕಣ್ಣು ಕಂದೇ ಇತ್ತು, ಅಂಚಿಗೆ ಜೇನು, ಈಗ ಜ್ಞಾಪಕ ಬಂತು ಎಂದು ತನ್ನಷ್ಟಕ್ಕೆ ಹೇಳಿಕೊಂಡ.

ವಿಮಾನ ಇಳಿದು, ಎರಡು ಸಲ ಪುಟಿದು, ನಿಂತಿತು. ಅವನು ಹೋಗಿ ಬ್ಯಾಟರಿ ಕಳಚಿದ. ರಿಮೋಟನ್ನು ಹುಲ್ಲಿನ ಮೇಲೆ ಮಲಗಿಸಿದ. ಇಬ್ಬರೂ ವಿಮಾನದ ಪಕ್ಕದಲ್ಲೇ ಮಂಡಿಯೂರಿ ಕೂತರು. ಅವನು ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡ.

"ಈಗ ಬೆರಳು ಹೇಳೋ ಹಾಗಿಲ್ಲ. ಬಾಯಲ್ಲೇ ಹೇಳ್ಬೇಕು."

"ಹೇಳಿ."

"ನನ್ನ ಮದುವೆ ಆಗ್ತೀಯಾ..." ನಾಲಿಗೆ ಕಚ್ಚಿಕೊಂಡ. "ಆಗ್ತೀರಾ?"

"ಮೊದಲು ಕೇಳಿದ್ದೇ ಸರಿಯಾಗಿತ್ತು," ಎಂದಳು ಅವಳು.

ಅವನ ಮುಖ ಅರಳಿತು. ಅವಳ ಕೈ ಹಿಡಿದುಕೊಂಡ.

ಟಿಕ್ ಎಂದಿತು ಏನೋ.

ಇಬ್ಬರೂ ತಿರುಗಿದರು. ಗಾಜಿನೊಳಗೆ ಆ ಪುಟ್ಟ ತಲೆ ನಿಧಾನವಾಗಿ, ಬಹಳ ನಿಧಾನವಾಗಿ ಆಚೆಗೆ ಹೊರಳಿ, ಖಾಲಿ ಮೈದಾನದ ಕಡೆ ನೋಡುತ್ತಾ ನಿಂತಿತು.

ಅವಳ ಬೆರಳುಗಳು ಅವನ ಕೈಯನ್ನು ಕಚ್ಚಿಹಿಡಿದವು. "ನೀನಾ?"

"ನನ್ನ ಕೈ ನಿನ್ನ ಹತ್ರ ಇದೆ. ಬ್ಯಾಟರಿನೂ ತೆಗೆದಿದ್ದೀನಿ... ಗಾಳಿ ಇರಬೇಕು. ಬಾಲಕ್ಕೆ ಗಾಳಿ ಹೊಡೆದ್ರೆ ತಂತಿ ಎಳೆಯುತ್ತೆ."

ಕಂಬದ ತುದಿಯಲ್ಲಿ ಗಾಳಿಯ ದಿಕ್ಕು ತೋರುವ ಚೀಲ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಒಂದು ಹುಲ್ಲೂ ಅಲುಗುತ್ತಿರಲಿಲ್ಲ.

ಅವನು ತಗ್ಗಿದ ದನಿಯಲ್ಲಿ ಹೇಳಿದ.

"ಅಪ್ಪ ಯಾವಾಗ್ಲೂ ಹಾಗೇ. ದೊಡ್ಡವರು ಇರಬಾರದ ಹೊತ್ತಲ್ಲಿ ಎದ್ದು ಆಚೆ ಹೋಗೋರು. ಈಗ ಹೋಗೋಕಾಗಲ್ಲ, ಸೀಟಿಗೆ ಅಂಟಿಸಿದ್ದೀನಲ್ಲ."

ಅವಳಿಗೆ ಹೆದರಿಕೆಯಾಗಬೇಕಿತ್ತು. ನಗು ಬಂತು. ನಗುತ್ತಲೇ, ಅವಳ ಎರಡು ಕಣ್ಣೂ ಅವನ ಮುಖದ ಮೇಲೆ ನಿಂತವು.

"ಹಾಗಾದ್ರೆ ಬೇಗ," ಎಂದಳು. "ಅವರು ಈ ಕಡೆ ತಿರುಗೋದ್ರೊಳಗೆ ಇನ್ನೊಂದ್ಸಲ ಕೇಳು."